ಮಾರ್ಕ್‌ಬೇಸ್ ಲಿಟಲ್ ಮಾರ್ಕ್ 3: ನಾಬ್‌ಗಳ ಕೆಲಸ ಮತ್ತು ಕ್ಲಿಪ್ ದೀಪದ ಮಾತು

ಪರಿಚಯವಿಲ್ಲದ ಆಂಪ್ಲಿಫೈಯರ್ ಎದುರಿಗೆ ಬಂದಾಗ ಬೇಸ್ ಗಿಟಾರ್ ವಾದಕರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ, ಎಲ್ಲ ನಾಬ್‌ಗಳನ್ನೂ ಗಡಿಯಾರದ ಹನ್ನೆರಡು ಗಂಟೆಯ ಜಾಗಕ್ಕೆ ತಿರುಗಿಸಿ ನಿಲ್ಲಿಸುವುದು. ಸಾಮಾನ್ಯವಾಗಿ ಇದರಿಂದ ಅನಾಹುತವೇನೂ ಆಗುವುದಿಲ್ಲ. ಆದರೆ ಮಾರ್ಕ್‌ಬೇಸ್ ಕಂಪನಿಯ ಲಿಟಲ್ ಮಾರ್ಕ್ 3ರಲ್ಲಿ ಹೀಗೆ ಮಾಡಿದರೆ ನುಡಿಸಿದ್ದು ಬ್ಯಾಂಡಿನ ಸದ್ದಿನಲ್ಲಿ ಕಾಣೆಯಾಗುತ್ತದೆ. ನಡುವಿನ ದನಿ ಟೊಳ್ಳಾಗಿ, ಮೇಲಿನ ದನಿ ಮಂಕಾಗಿ, ‘ಇಷ್ಟು ಹೆಸರಿರುವ ಆಂಪ್ ಹೀಗೇಕೆ’ ಎಂಬ ದೂರು ಶುರುವಾಗುತ್ತದೆ. ಆ ದೂರಿಗೆ ಯಂತ್ರ ಕಾರಣವಲ್ಲ. ಈ ಫಲಕದ ಮೇಲಿರುವ ನಾಬ್‌ಗಳಲ್ಲಿ ಕೆಲವಕ್ಕೆ ನಡುವಿನ ಜಾಗ ತಟಸ್ಥ ಸ್ಥಾನವಾದರೆ, ಎರಡಕ್ಕೆ ಎಡತುದಿಯೇ ತಟಸ್ಥ ಸ್ಥಾನ. ಈ ವ್ಯತ್ಯಾಸವನ್ನು ಬಲ್ಲವರಿಗೆ ಇದು ನಾನು ಕಂಡ ಅತಿ ಸರಳ ಆಂಪ್‌ಗಳಲ್ಲಿ ಒಂದು. ಅರಿಯದವರಿಗೆ ಅಷ್ಟೇ ದಾರಿ ತಪ್ಪಿಸುವಂಥದ್ದು.

ಮಾರ್ಕ್‌ಬೇಸ್ ಇಟಲಿಯ ಕಂಪನಿ. ಮಾರ್ಕೊ ದೆ ವಿರ್ಜಿಲಿಸ್ ಎಂಬವರು ಇದನ್ನು 2001ರಲ್ಲಿ ಆರಂಭಿಸಿದರು. ಹಳದಿ ಬಣ್ಣದ ಸ್ಪೀಕರ್ ಕೋನುಗಳಿಂದ ಇದರ ಪೆಟ್ಟಿಗೆಗಳನ್ನು ಸಭಾಂಗಣದ ಕೊನೆಯ ಸಾಲಿನಿಂದಲೂ ಗುರುತಿಸಬಹುದು. ಲಿಟಲ್ ಮಾರ್ಕ್ 3 ಎಂಬುದು ಸ್ಪೀಕರ್ ಇಲ್ಲದ, ಹೆಡ್ ಎಂದು ಕರೆಯುವ ಬಗೆಯ ಆಂಪ್. ಸ್ಪೀಕರ್ ಪೆಟ್ಟಿಗೆಯನ್ನು ಬೇರೆಯಾಗಿ ಜೋಡಿಸಿಕೊಳ್ಳಬೇಕು. ತೂಕ ಮೂರು ಕಿಲೋ ಒಳಗೇ ಇದೆ. 4 ಓಮ್‌ನ (ಓಮ್ ಎಂದರೆ ಪೆಟ್ಟಿಗೆ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಪೆಟ್ಟಿಗೆಗೆ 500 ವಾಟ್, 8 ಓಮ್‌ನ ಪೆಟ್ಟಿಗೆಗೆ 300 ವಾಟ್ ಕೊಡುತ್ತದೆ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ಎಂಬ ವಾಲ್ವ್ (ಗಾಜಿನ ಕೊಳವೆ) ಆಂಪ್ 300 ವಾಟ್ ಕೊಡಲು 35 ಕಿಲೋಗೂ ಹೆಚ್ಚು ಭಾರವಿತ್ತು ಎಂಬುದನ್ನು ನೆನೆದರೆ, ಬೆನ್ನುಚೀಲದಲ್ಲಿ ಈ ಆಂಪ್ ಹಾಕಿಕೊಂಡು ಮೆಟ್ರೋ ಹತ್ತುವ ಇಂದಿನ ವಾದಕರ ಸುಖ ಅರ್ಥವಾಗುತ್ತದೆ. ಹಗುರವಾದ ಹೆಡ್‌ಗಳನ್ನು ಈಗ ಎಲ್ಲ ಕಂಪನಿಗಳೂ ಮಾಡುತ್ತವೆ. ಮಾರ್ಕ್‌ಬೇಸ್‌ನಲ್ಲೇ ಇದರ ನಂತರದ ಮಾದರಿಗಳು ಬಂದಿವೆ. ಹಾಗಿದ್ದರೂ ಅಭ್ಯಾಸದ ಕೊಠಡಿಗಳಲ್ಲಿ, ಬಾಡಿಗೆ ಸಾಮಾನುಗಳ ನಡುವೆ, ಸೆಕೆಂಡ್ ಹ್ಯಾಂಡ್ ಮಾರಾಟದಲ್ಲಿ ಎದುರಾಗಬಹುದಾದದ್ದು ಈ ಮೂರನೆಯ ಮಾದರಿಯೇ ಆದ್ದರಿಂದ ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ಮೊದಲು ಗೇನ್ ನಾಬ್ ಮತ್ತು ಅದಕ್ಕೆ ಸಂಬಂಧಿಸಿದ ಕ್ಲಿಪ್ ದೀಪ. ಗಿಟಾರಿನ ಪಿಕಪ್‌ನಿಂದ ಬರುವ ಸಿಗ್ನಲ್ ಬಹಳ ಕ್ಷೀಣವಾದದ್ದು. ಅದನ್ನು ಒಳಗಿನ ಸರ್ಕ್ಯೂಟುಗಳು ಬಳಸಬಲ್ಲ ಮಟ್ಟಕ್ಕೆ ಏರಿಸುವುದು ಗೇನ್‌ನ ಕೆಲಸ. ಸಭಾಂಗಣಕ್ಕೆ ಎಷ್ಟು ಜೋರಾಗಿ ಕೇಳಬೇಕು ಎಂಬುದನ್ನು ತೀರ್ಮಾನಿಸಬೇಕಾದದ್ದು ಮಾಸ್ಟರ್ ನಾಬ್. ಈ ಎರಡನ್ನೂ ‘ವಾಲ್ಯೂಮ್’ ಎಂಬ ಒಂದೇ ಹೆಸರಿನಲ್ಲಿ ಗ್ರಹಿಸಿ, ಒಂದನ್ನು ಪೂರ್ತಿ ಏರಿಸಿ ಇನ್ನೊಂದನ್ನು ಪೂರ್ತಿ ಇಳಿಸಿ ನುಡಿಸುವವರನ್ನು ಎಲ್ಲ ಕಡೆಯೂ ಕಾಣುತ್ತೇವೆ. ಗೇನ್ ಕಡಿಮೆಯಿಟ್ಟು ಮಾಸ್ಟರ್ ಏರಿಸಿದರೆ ಸಿಗ್ನಲ್ ಜೊತೆಗೆ ಒಳಗಿನ ‘ಸ್ಸ್’ ಎಂಬ ಗದ್ದಲವೂ ಏರುತ್ತದೆ. ಗೇನ್ ಅತಿಯಾದರೆ ಅಲೆಯ ತುದಿಗಳು ಪ್ರೀಆಂಪ್‌ನ, ಅಂದರೆ ಸಿಗ್ನಲ್ ಏರಿಸುವ ಮೊದಲ ಹಂತದ, ಮಿತಿಗೆ ತಾಗಿ ಚಪ್ಪಟೆಯಾಗುತ್ತವೆ. ಕ್ಲಿಪ್ ದೀಪ ಬೆಳಗುವುದು ಆಗ.

ಗೇನ್ ಹೊಂದಿಸುವ ಕ್ರಮ ಹೀಗಿದೆ. ಮಾಸ್ಟರ್ ಪೂರ್ತಿ ಕೆಳಗಿರಲಿ, ಗಿಟಾರಿನ ಮೇಲಿನ ವಾಲ್ಯೂಮ್ ಪೂರ್ತಿ ಮೇಲಿರಲಿ. ಕಾರ್ಯಕ್ರಮದಲ್ಲಿ ಅತಿ ಜೋರಾಗಿ ನುಡಿಸುವ ಭಾಗ ಯಾವುದೋ ಅದನ್ನೇ, ಅದೇ ರಭಸದಲ್ಲಿ ನುಡಿಸುತ್ತ ಗೇನ್ ಅನ್ನು ನಿಧಾನವಾಗಿ ಏರಿಸಬೇಕು. ಹೆಬ್ಬೆರಳಿನಿಂದ ಸ್ಲ್ಯಾಪ್ ಮಾಡುವವರಾದರೆ ಸ್ಲ್ಯಾಪ್ ಮಾಡಿಯೇ ನೋಡಬೇಕು, ಏಕೆಂದರೆ ಬೆರಳ ತುದಿಯಿಂದ ಮೀಟಿದ್ದಕ್ಕಿಂತ ಆ ಹೊಡೆತದ ಮೊದಲ ಕ್ಷಣ ಬಹಳ ಎತ್ತರಕ್ಕೆ ಹೋಗುತ್ತದೆ. ಅತಿ ಬಲವಾದ ಸ್ವರಕ್ಕೆ ದೀಪ ಒಮ್ಮೆ ಮಿನುಗಿದೊಡನೆ ನಾಬನ್ನು ಸ್ವಲ್ಪ ಹಿಂದಕ್ಕೆ ತಂದು ನಿಲ್ಲಿಸಬೇಕು. ಕೊಠಡಿಗೆ ಬೇಕಾದಷ್ಟು ಮಾಸ್ಟರ್ ಏರಿಸಿಕೊಳ್ಳುವುದು ಆಮೇಲಿನ ಮಾತು. ದೀಪ ಯಾವಾಗಲೋ ಒಮ್ಮೆ ಮಿನುಗಿದರೆ ಭಯಪಡಬೇಕಾಗಿಲ್ಲ. ಅದು ಯಂತ್ರ ಸುಟ್ಟುಹೋಗುವ ಸೂಚನೆಯಲ್ಲ, ಅಳತೆಗೋಲಿನ ಒಂದು ಗೆರೆ ಮಾತ್ರ. ಪ್ರತಿ ಸ್ವರಕ್ಕೂ ಹೊತ್ತಿಕೊಳ್ಳುತ್ತಿದ್ದರೆ ಗೇನ್ ಇಳಿಸಬೇಕು. ಬ್ಯಾಟರಿ ಇಲ್ಲದ ಪ್ಯಾಸಿವ್ ಗಿಟಾರ್ ತೆಗೆದು, ಒಂಬತ್ತು ವೋಲ್ಟ್ ಬ್ಯಾಟರಿಯಿಂದ ನಡೆಯುವ ಆ್ಯಕ್ಟಿವ್ ಗಿಟಾರ್ ಚುಚ್ಚಿದಾಗಲೆಲ್ಲ ಈ ಕ್ರಮವನ್ನು ಮತ್ತೆ ಮಾಡಬೇಕು. ಎರಡಕ್ಕೂ ಬೇರೆ ಬೇರೆ ರಂಧ್ರಗಳಿರುವ ಆಂಪ್‌ಗಳು ಉಂಟು. ಇಲ್ಲಿ ಆ ವ್ಯತ್ಯಾಸವನ್ನು ಗೇನ್ ನಾಬಿನಲ್ಲೇ ಸರಿಪಡಿಸಿಕೊಳ್ಳಬೇಕು.

ಈ ದೀಪ ಏನನ್ನು ಹೇಳುವುದಿಲ್ಲ ಎಂಬುದು ಇನ್ನೂ ಮುಖ್ಯ. ಒಂದು ಅಭ್ಯಾಸದ ಕೊಠಡಿಯಲ್ಲಿ ಕಿರಿಯ ವಾದಕರೊಬ್ಬರು ಇದೇ ಆಂಪ್‌ನಲ್ಲಿ ನುಡಿಸುತ್ತಿದ್ದಾಗ ಪ್ರತಿ ಸ್ವರದ ಆರಂಭವೂ ಪರಪರ ಎಂದು ಹರಿದಂತೆ ಕೇಳುತ್ತಿತ್ತು. ಕ್ಲಿಪ್ ದೀಪ ಆರಿಯೇ ಇತ್ತು. ಮಾಸ್ಟರ್ ಇಳಿಸಿದರೆ ಸದ್ದು ಚಿಕ್ಕದಾಯಿತೇ ಹೊರತು ಹರಕು ಹೋಗಲಿಲ್ಲ. ಗೇನ್ ಇಳಿಸಿದರೂ ಹೋಗಲಿಲ್ಲ. ಸ್ಪೀಕರ್ ಪೆಟ್ಟಿಗೆ ಬದಲಿಸಿ ನೋಡಿದ್ದೂ ಆಯಿತು. ಕೊನೆಗೆ ಗಿಟಾರಿನ ಹಿಂಬದಿಯ ಮುಚ್ಚಳ ತೆಗೆದು ಹೊಸ ಬ್ಯಾಟರಿ ಹಾಕಿದಾಗ ಎಲ್ಲ ಸರಿಯಾಯಿತು. ಸಿಗ್ನಲ್ ಆಂಪ್‌ಗೆ ಬರುವ ಮೊದಲೇ, ಗಿಟಾರಿನೊಳಗಿನ ಸರ್ಕ್ಯೂಟಿನಲ್ಲೇ ಚಪ್ಪಟೆಯಾಗಿತ್ತು. ಚಪ್ಪಟೆಯಾದ ಸಿಗ್ನಲ್ ಸಣ್ಣದಾಗಿ ಬಂದರೆ ಆಂಪ್‌ನ ದೀಪಕ್ಕೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಹೀಗಾಗಿ ಹರಕು ಸದ್ದು ಕೇಳಿದಾಗ ದೀಪ ಉರಿಯುತ್ತಿದ್ದರೆ ಗೇನ್ ನೋಡಬೇಕು, ಆರಿದ್ದರೆ ಗಿಟಾರ್ ಮತ್ತು ಪೆಡಲ್‌ಗಳನ್ನು (ಗಿಟಾರಿಗೂ ಆಂಪ್‌ಗೂ ನಡುವೆ ಇಟ್ಟು ಕಾಲಿನಿಂದ ಒತ್ತುವ ಸಾಧನಗಳು) ನೋಡಬೇಕು. ಅಂದಹಾಗೆ, ಆ್ಯಕ್ಟಿವ್ ಗಿಟಾರಿಗೆ ಕೇಬಲ್ ಚುಚ್ಚಿಟ್ಟಿರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಆಂಪ್ ಆರಿಸಿ ಚಹಾಕ್ಕೆ ಹೋದರೂ ಅದು ನಿಲ್ಲುವುದಿಲ್ಲ.

ಹಾಗೆಯೇ ಸ್ಪೀಕರಿನ ಸಂಕಟವೂ ಈ ದೀಪಕ್ಕೆ ತಿಳಿಯದು. ಮಾಸ್ಟರ್ ಬಹಳ ಏರಿಸಿ ದಪ್ಪ ತಂತಿಯ ಕೆಳಸ್ವರಗಳನ್ನು ಬಲವಾಗಿ ಮೀಟಿದಾಗ ಕೋನು ತನ್ನ ಮಿತಿ ಮೀರಿ ಹಿಂದೆ ಮುಂದೆ ಹೊಯ್ದಾಡಿ ‘ಬರ್ರ್’ ಎನ್ನುತ್ತದೆ. ಆಗ ಫಲಕದ ಮೇಲೆ ಯಾವ ಎಚ್ಚರಿಕೆಯೂ ಬಾರದೇ ಇರಬಹುದು. ಸ್ಪೀಕರನ್ನು ನಡೆಸುವ ಪವರ್ ಆಂಪ್ ಭಾಗ ಮಿತಿಗೆ ಬಂದಾಗ ತಿಳಿಸಲು ಬೇರೆಯೇ ‘ಲಿಮಿಟ್’ ದೀಪವಿರುವ ಆಂಪ್‌ಗಳು ಮಾರುಕಟ್ಟೆಯಲ್ಲಿವೆ. ಲಿಟಲ್ ಮಾರ್ಕ್ 3ರಲ್ಲಿಯೂ ಅಂಥದ್ದೊಂದು ಇರಬೇಕಿತ್ತು ಎಂದು ನನಗೆ ಅನಿಸಿದೆ. ಇಲ್ಲಿ ಕಿವಿಯನ್ನೇ ನಂಬಬೇಕು.

ಇನ್ನು ಕೆಳಗಿನ, ನಡುವಿನ, ಮೇಲಿನ ದನಿಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ನಾಲ್ಕು ನಾಬ್‌ಗಳ ಇಕ್ವಲೈಜರ್. ಇವುಗಳ ತಟಸ್ಥ ಸ್ಥಾನ ನಡುವೆಯೇ ಇದೆ. ಬಲಕ್ಕೆ ತಿರುಗಿಸಿದರೆ ಹೆಚ್ಚು, ಎಡಕ್ಕೆ ತಿರುಗಿಸಿದರೆ ಕಡಿಮೆ, ಎರಡೂ ಕಡೆ 16 ಡೆಸಿಬಲ್‌ವರೆಗೆ. ಲೋ 40 ಹರ್ಟ್ಸ್ ಸುತ್ತ, ಮಿಡ್ ಲೋ 360 ಹರ್ಟ್ಸ್ ಸುತ್ತ, ಮಿಡ್ ಹೈ 800 ಹರ್ಟ್ಸ್ ಸುತ್ತ, ಹೈ 10 ಕಿಲೋಹರ್ಟ್ಸ್ ಸುತ್ತ ಕೆಲಸ ಮಾಡುತ್ತವೆ. ಈ ಸಂಖ್ಯೆಗಳನ್ನು ತಂತಿಗಳ ಜೊತೆಗೆ ಇಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ. ನಾಲ್ಕು ತಂತಿಯ ಬೇಸ್‌ನಲ್ಲಿ ಅತಿ ದಪ್ಪನೆಯ ಇ ತಂತಿಯ ಮೂಲ ಕಂಪನ 41 ಹರ್ಟ್ಸ್, ಅತಿ ತೆಳುವಾದ ಜಿ ತಂತಿಯದು 98 ಹರ್ಟ್ಸ್. ಐದು ತಂತಿಯ ಗಿಟಾರಿನ ಬಿ ತಂತಿಯದು 31 ಹರ್ಟ್ಸ್. ಅಂದರೆ ಲೋ ನಾಬ್ ಹಿಡಿಯುವುದು ಆ ವಾದ್ಯದ ತೀರ ತಳವನ್ನು. ನಾವು ಬೇಸ್ ‘ತುಂಬಿಕೊಂಡು ಕೇಳುತ್ತದೆ’ ಎನ್ನುವಾಗ ಕಿವಿಗೆ ಬಿದ್ದಿರುವುದು ಬಹುಪಾಲು ಅದಕ್ಕಿಂತ ಮೇಲಿನ, ಎರಡನೆಯ ಮೂರನೆಯ ಹಾರ್ಮೋನಿಕ್‌ಗಳ (ಮೂಲ ಕಂಪನದ ಎರಡು ಪಟ್ಟು, ಮೂರು ಪಟ್ಟಿನ ಕಂಪನಗಳು) ಪಟ್ಟಿ. 40 ಹರ್ಟ್ಸ್ ಅನ್ನು ಪೂರ್ಣ ಬಲದಿಂದ ಹೊರಡಿಸುವ ಶಕ್ತಿ ಸಾಧಾರಣ ಗಾತ್ರದ ಪೆಟ್ಟಿಗೆಗಳಿಗೆ ಇರುವುದೂ ಇಲ್ಲ.

ಈ ಕಾರಣಕ್ಕೆ, ಬೇಸ್ ಸಾಲದು ಎಂದು ಲೋ ನಾಬನ್ನು ಬಲತುದಿಗೆ ತಿರುಗಿಸುವುದು ದುಬಾರಿ ಕೆಲಸ. 16 ಡೆಸಿಬಲ್ ಎಂದರೆ ಆ ಕಂಪನಗಳಿಗೆ ಸುಮಾರು 40 ಪಟ್ಟು ವಾಟ್ ಬೇಕು. ಮೊದಲು ಹತ್ತು ವಾಟ್ ಕೇಳುತ್ತಿದ್ದ ಸ್ವರ ಈಗ 400 ವಾಟ್ ಕೇಳುತ್ತದೆ, ಅಂದರೆ ಯಂತ್ರದ ಶಕ್ತಿಯೆಲ್ಲ ಕಿವಿಗೆ ಸರಿಯಾಗಿ ಕೇಳಿಸದ ಜಾಗದಲ್ಲಿ ಕರಗಿಹೋಗುತ್ತದೆ. ಕಾಂಕ್ರೀಟ್ ಗೋಡೆ, ಗ್ರಾನೈಟ್ ನೆಲದ ಕಲ್ಯಾಣ ಮಂಟಪಗಳಲ್ಲಿ ಕೆಳದನಿ ತಾನಾಗಿಯೇ ಗುಂಯ್ಗುಟ್ಟುತ್ತಿರುವಾಗ ಲೋ ಅನ್ನು ಸ್ವಲ್ಪ ಇಳಿಸುವುದೇ ಸರಿ. ವಾದ್ಯ ಕೇಳಿಸಲೇಬೇಕೆಂದರೆ ಕೈ ಹಾಕಬೇಕಾದದ್ದು ಮಿಡ್ ಲೋ ನಾಬಿಗೆ. ರಸಮಂಜರಿ ಕಾರ್ಯಕ್ರಮಗಳಲ್ಲಿ ಡ್ರಮ್ಸ್, ಢೋಲಕ್, ಕೀಬೋರ್ಡ್ ವಾದಕರ ಎಡಗೈ ಎಲ್ಲವೂ ಕೆಳಗಿನ ಜಾಗಕ್ಕೆ ಪೈಪೋಟಿ ನಡೆಸುವಾಗ, 360 ಹರ್ಟ್ಸ್ ಸುತ್ತ ಸ್ವಲ್ಪ ಎತ್ತಿದ ಬೇಸ್ ತನ್ನ ಸ್ವರ ಯಾವುದೆಂದು ಗಾಯಕರಿಗೆ ತಿಳಿಯುವಂತೆ ಕೇಳುತ್ತದೆ. 800 ಹರ್ಟ್ಸ್ ಬೆರಳಿನ ಮೀಟು, ತಂತಿಯ ಗುರುಗುಟ್ಟುವಿಕೆ ಇರುವ ಜಾಗ. ಅದು ಹೆಚ್ಚಾದರೆ ಮೂಗಿನಲ್ಲಿ ಮಾತಾಡಿದಂತಾಗುತ್ತದೆ. ಹೈ ನಾಬ್ ಬಗ್ಗೆ ಹೇಳಬೇಕಾದ್ದು ಕಡಿಮೆ. ಟ್ವೀಟರ್ (ಮೇಲಿನ ದನಿಗೆಂದೇ ಇರುವ ಸಣ್ಣ ಸ್ಪೀಕರ್) ಇಲ್ಲದ, ಹದಿನೈದು ಇಂಚಿನ ಒಂದೇ ಸ್ಪೀಕರ್ ಇರುವ ಪೆಟ್ಟಿಗೆಗೆ ಜೋಡಿಸಿದಾಗ ಅದನ್ನು ತಿರುಗಿಸಿದರೂ ಬಿಟ್ಟರೂ ಹೆಚ್ಚು ವ್ಯತ್ಯಾಸವಿಲ್ಲ, ಏಕೆಂದರೆ ಅಂಥ ಸ್ಪೀಕರಿನಿಂದ 10 ಕಿಲೋಹರ್ಟ್ಸ್ ಹೊರಬರುವುದೇ ಇಲ್ಲ.

ಆರಂಭದಲ್ಲಿ ಹೇಳಿದ ಗೊಂದಲದ ಮೂಲ ವಿಪಿಎಫ್ ಮತ್ತು ವಿಎಲ್‌ಇ ಎಂಬ ಎರಡು ನಾಬ್‌ಗಳಲ್ಲಿದೆ. ವಿಪಿಎಫ್ ಎಂದರೆ ವೇರಿಯಬಲ್ ಪ್ರೀ-ಶೇಪ್ ಫಿಲ್ಟರ್. ಇದನ್ನು ಎಡತುದಿಯಿಂದ ಬಲಕ್ಕೆ ತಿರುಗಿಸುತ್ತ ಹೋದಂತೆ 380 ಹರ್ಟ್ಸ್ ಸುತ್ತಲಿನ ಭಾಗ ತಗ್ಗುತ್ತದೆ, 35 ಹರ್ಟ್ಸ್ ಮತ್ತು 10 ಕಿಲೋಹರ್ಟ್ಸ್ ಕಡೆಯ ಭಾಗಗಳು ಏಳುತ್ತವೆ. ಒಬ್ಬರೇ ಕೂತು ಸ್ಲ್ಯಾಪ್ ನುಡಿಸುವಾಗ ಇದರಷ್ಟು ಸೊಗಸಾದ ನಾಬ್ ಇನ್ನೊಂದಿಲ್ಲ. ತಂತಿ ಮಿಂಚಿದಂತೆ, ತಳ ಗುಡುಗಿದಂತೆ ಕೇಳುತ್ತದೆ. ಅಂಗಡಿಯಲ್ಲಿ ಆಂಪ್ ಮಾರುವವರು ಇದನ್ನೇ ಮೊದಲು ತಿರುಗಿಸಿ ತೋರಿಸುವುದು ಆಶ್ಚರ್ಯವೇನಲ್ಲ. ಆದರೆ ಬ್ಯಾಂಡಿನ ನಡುವೆ ಬೇಸ್ ಕೇಳಬೇಕಾದದ್ದು 380 ಹರ್ಟ್ಸ್ ಸುತ್ತಮುತ್ತಲಿನಲ್ಲೇ. ಅದನ್ನೇ ತಗ್ಗಿಸಿ, ಅದರ ಪಕ್ಕದಲ್ಲೇ ಇರುವ ಮಿಡ್ ಲೋ ನಾಬನ್ನು ಏರಿಸುತ್ತ ಕೂರುವವರು ಒಂದು ಕೈಯಲ್ಲಿ ತೆಗೆದುದನ್ನು ಇನ್ನೊಂದು ಕೈಯಲ್ಲಿ ಹಾಕುತ್ತಿರುತ್ತಾರೆ.

ವಿಎಲ್‌ಇ ಎಂದರೆ ವಿಂಟೇಜ್ ಲೌಡ್‌ಸ್ಪೀಕರ್ ಎಮ್ಯುಲೇಟರ್. ಟ್ವೀಟರ್ ಇಲ್ಲದ ಹಳೆಯ ಕಾಲದ ಪೆಟ್ಟಿಗೆಗಳ ದನಿಯನ್ನು ತರುವುದು ಇದರ ಉದ್ದೇಶ. ಎಡತುದಿಯಲ್ಲಿದ್ದಾಗ 20 ಕಿಲೋಹರ್ಟ್ಸ್‌ವರೆಗೆ ಎಲ್ಲವನ್ನೂ ಬಿಡುತ್ತದೆ. ಬಲಕ್ಕೆ ಹೋದಂತೆ ಮೇಲಿನ ದನಿಗಳನ್ನು ಒಂದೊಂದಾಗಿ ಕತ್ತರಿಸುತ್ತ ಬಂದು, ಬಲತುದಿಯಲ್ಲಿ 250 ಹರ್ಟ್ಸ್‌ಗೂ ಮೇಲಿನದೆಲ್ಲ ಬಾಗಿಲಿಗೆ ಕಂಬಳಿ ಹೊದಿಸಿದಂತೆ ಮಸುಕಾಗುತ್ತದೆ. ಹಳೆಯ ಚಿತ್ರಗೀತೆಗಳಿಗೆ, ರೆಗ್ಗೆಗೆ, ಹಳೆಯ ತಂತಿಯ ಮಂದ ದನಿ ಬೇಕೆನ್ನುವವರಿಗೆ ಇದು ವರದಾನ. ನನ್ನ ಮೆಚ್ಚುಗೆ ಇರುವುದು ವಿಪಿಎಫ್‌ಗಿಂತ ಇದರ ಮೇಲೆಯೇ: ಹೈ ನಾಬ್ ಇಳಿಸಿದಾಗ ಸಿಗದ ದುಂಡನೆಯ ಸ್ವರ ಇದನ್ನು ಕಾಲುಭಾಗ ತಿರುಗಿಸಿದರೆ ಸಿಗುತ್ತದೆ, ಬೆರಳು ತಂತಿಯ ಮೇಲೆ ಜಾರುವ ಕಿರಿಕಿರಿ ಸದ್ದೂ ಹೋಗುತ್ತದೆ.

ಈ ಎರಡೂ ನಾಬ್‌ಗಳನ್ನು ಹನ್ನೆರಡು ಗಂಟೆಗೆ ಇಟ್ಟವರ ಗತಿಯನ್ನು ಈಗ ಊಹಿಸಬಹುದು: ನಡುವಿನ ದನಿ ಅರ್ಧ ಹೋಯಿತು, ಮೇಲಿನ ದನಿ ಗಣನೀಯವಾಗಿ ಹೋಯಿತು, ಉಳಿದದ್ದು ಗುಡುಗು ಮಾತ್ರ. ಆದ್ದರಿಂದ ಲಿಟಲ್ ಮಾರ್ಕ್ 3ರ ನಿಜವಾದ ತಟಸ್ಥ ಸ್ಥಿತಿ ಎಂದರೆ ನಾಲ್ಕು ಇಕ್ವಲೈಜರ್ ನಾಬ್‌ಗಳು ನಡುವಿನಲ್ಲಿ, ವಿಪಿಎಫ್ ಮತ್ತು ವಿಎಲ್‌ಇ ಎರಡೂ ಪೂರ್ತಿ ಎಡಕ್ಕೆ. ಅಲ್ಲಿಂದ ಆರಂಭಿಸಿದರೆ ಈ ಆಂಪ್‌ನ ಸ್ವಂತ ದನಿ ಹೇಗಿದೆ ಎಂಬುದು ಕೇಳುತ್ತದೆ. ಅದು ನೇರವಾದ, ಮೀಟಿದೊಡನೆ ಎದ್ದು ನಿಲ್ಲುವ, ವಾಲ್ವ್ ಆಂಪ್‌ನ ಬೆಚ್ಚನೆಯ ಒರಟುತನವಿಲ್ಲದ ದನಿ. ಒಳ್ಳೆಯ ಗಿಟಾರ್ ಒಳ್ಳೆಯದಾಗಿಯೇ ಕೇಳುತ್ತದೆ, ಕೆಟ್ಟ ತಂತಿ ಕೆಟ್ಟದಾಗಿಯೇ ಕೇಳುತ್ತದೆ. ಗೇನ್ ಹೆಚ್ಚಿಸಿ ಕ್ಲಿಪ್ ದೀಪ ಬೆಳಗಿಸಿ ರಾಕ್ ಸಂಗೀತದ ಗೊಗ್ಗರು ದನಿ ತೆಗೆಯಬಹುದೆಂದು ಹೊರಟವರಿಗೆ ಇಲ್ಲಿ ಸುಖವಿಲ್ಲ. ವಾಲ್ವ್ ಆಂಪ್ ಮಿತಿ ದಾಟುವಾಗ ಮೆಲ್ಲಗೆ ಒರಟಾಗುತ್ತದೆ, ಇಂಥ ಟ್ರಾನ್ಸಿಸ್ಟರ್ ಪ್ರೀಆಂಪ್ ಥಟ್ಟನೆ ಒಡೆಯುತ್ತದೆ. ಆ ಬಗೆಯ ದನಿ ಬೇಕಿದ್ದರೆ ಪೆಡಲ್ ಕೊಳ್ಳುವುದು ಲೇಸು.

ವೇದಿಕೆಯ ಮೇಲೆ ನುಡಿಸುವವರಿಗೆ ಲೈನ್ ಔಟ್ ನಾಬ್ ಉಳಿದೆಲ್ಲಕ್ಕಿಂತ ಮುಖ್ಯವಾಗಬಹುದು. ದೊಡ್ಡ ಕಾರ್ಯಕ್ರಮಗಳಲ್ಲಿ ಜನರಿಗೆ ಕೇಳುವುದು ನಮ್ಮ ಪೆಟ್ಟಿಗೆಯಲ್ಲ, ಆಂಪ್‌ನ ಎಕ್ಸ್‌ಎಲ್‌ಆರ್ ಎಂಬ ಮೂರು ಪಿನ್‌ನ ರಂಧ್ರದಿಂದ ಮಿಕ್ಸರಿಗೆ ಹೋದ ಸಿಗ್ನಲ್. ಅದರ ಮಟ್ಟವನ್ನು ಮಾಸ್ಟರ್‌ಗೆ ಸಂಬಂಧವಿಲ್ಲದಂತೆ ಈ ನಾಬ್ ನಿರ್ಧರಿಸುತ್ತದೆ. ಹಾಡಿನ ನಡುವೆ ‘ಬೇಸ್ ಜಾಸ್ತಿ ಮಾಡಿ’ ಎಂದು ಸೌಂಡ್‌ನವರು ಸನ್ನೆ ಮಾಡಿದರೆ ಮಾಸ್ಟರ್ ತಿರುಗಿಸುವುದರಿಂದ ಪ್ರಯೋಜನವಿಲ್ಲ, ವೇದಿಕೆಯ ಮೇಲಿರುವವರ ಕಿವಿಗೆ ತೊಂದರೆ ಅಷ್ಟೇ. ಮಿಕ್ಸರಿನಲ್ಲಿ ನಮ್ಮ ಚಾನೆಲ್‌ನ ಕೆಂಪು ದೀಪ ಹೊತ್ತಿದೆ ಎಂದು ಅವರು ಹೇಳಿದರೆ ಅದು ನಮ್ಮ ಕ್ಲಿಪ್ ದೀಪದ ವಿಷಯವಲ್ಲ. ಆಗ ಗೇನ್ ಮುಟ್ಟದೆ ಲೈನ್ ಔಟ್ ಇಳಿಸಬೇಕು. ಇಕ್ವಲೈಜರ್‌ಗೆ ಮೊದಲಿನ ಸಿಗ್ನಲ್ ಕಳುಹಿಸಬೇಕೋ ನಂತರದ್ದೋ ಎಂದು ಆರಿಸುವ ಪ್ರೀ-ಪೋಸ್ಟ್ ಸ್ವಿಚ್ ಕೂಡ ಇದೆ. ಪ್ರೀ ಇಟ್ಟರೆ ನಾವು ವೇದಿಕೆಯ ಮೇಲೆ ನಾಬ್ ತಿರುಗಿಸಿದರೂ ಸಭಾಂಗಣದ ದನಿ ಬದಲಾಗುವುದಿಲ್ಲ. ಗೊತ್ತಿಲ್ಲದ ಸೌಂಡ್ ಸಿಸ್ಟಂನವರ ಜೊತೆ ಕೆಲಸ ಮಾಡುವಾಗ ಪ್ರೀ ಇಡುವುದನ್ನೇ ನಾನು ಒಪ್ಪುತ್ತೇನೆ. ವಿಎಲ್‌ಇಯಲ್ಲಿ ಕಷ್ಟಪಟ್ಟು ಹೊಂದಿಸಿದ ದನಿಯೇ ಜನರಿಗೂ ಕೇಳಬೇಕೆಂದರೆ ಪೋಸ್ಟ್ ಬೇಕು.

ಇದರ ಜೊತೆಗಿರುವ ಗ್ರೌಂಡ್ ಲಿಫ್ಟ್ ಸ್ವಿಚ್ ನಮ್ಮ ಕಡೆ ಬಹಳ ಕೆಲಸಕ್ಕೆ ಬರುತ್ತದೆ. ಆಂಪ್‌ಗೆ ಒಂದು ಕಡೆಯ ಕರೆಂಟ್, ಮಿಕ್ಸರಿಗೆ ಜನರೇಟರಿನಿಂದ ಇನ್ನೊಂದು ಎಳೆ ಎಂದಾದಾಗ, ಎರಡರ ಅರ್ಥಿಂಗ್ ನಡುವೆ ಸುತ್ತು ಬಿದ್ದು ‘ಹಮ್’ ಶುರುವಾಗುತ್ತದೆ. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್. ಇ ತಂತಿಯ ಮೂರನೆಯ ಫ್ರೆಟ್‌ನಲ್ಲಿ ಸಿಗುವ ಜಿ ಸ್ವರ 49 ಹರ್ಟ್ಸ್. ಹೀಗಾಗಿ ಬೇಸ್ ವಾದಕರು ನುಡಿಸುತ್ತಿರುವಾಗ ಈ ಹಮ್ ಎಷ್ಟೋ ಸಲ ಸ್ವರದೊಳಗೆ ಅಡಗಿಕೊಂಡು, ನುಡಿಸುವುದನ್ನು ನಿಲ್ಲಿಸಿದಾಗಲೇ ಹೊರಗೆ ಬರುತ್ತದೆ. ಆಗ ಗ್ರೌಂಡ್ ಲಿಫ್ಟ್ ಒತ್ತಿದರೆ ಮಿಕ್ಸರಿಗೆ ಹೋಗುವ ಕೇಬಲ್‌ನ ಗ್ರೌಂಡ್ ಮಾತ್ರ ಕಡಿಯುತ್ತದೆ. ಯಂತ್ರದ ಅರ್ಥಿಂಗ್ ಹಾಗೆಯೇ ಉಳಿಯುತ್ತದೆ. ಇಷ್ಟು ಸುಲಭದ ಉಪಾಯವಿರುವಾಗ ಪವರ್ ಪ್ಲಗ್‌ನ ದಪ್ಪ ಮೂರನೆಯ ಪಿನ್ನನ್ನು ಮುರಿದುಹಾಕುವ, ಎರಡು ಪಿನ್‌ನ ಅಡಾಪ್ಟರ್ ಸಿಕ್ಕಿಸುವ ಪದ್ಧತಿ ಇನ್ನೂ ನಡೆದಿದೆ. ತಂತಿಯ ಮೇಲೆ ಕೈ, ಮೈಕ್‌ಗೆ ತುಟಿ ತಾಗಿಸಿಕೊಂಡು ನಿಲ್ಲುವವರಿಗೆ ಅದು ಪ್ರಾಣಾಪಾಯ.

ಸ್ಪೀಕರ್ ಜೋಡಣೆಯ ವಿಷಯವನ್ನು ಫಲಕದ ಮೇಲಿನ ಯಾವ ದೀಪವೂ ಮುಂಚಿತವಾಗಿ ಹೇಳದ ಕಾರಣ ಇಲ್ಲಿ ಹೇಳಬೇಕಾಗಿದೆ. ಈ ಆಂಪ್ 4 ಓಮ್‌ಗಿಂತ ಕಡಿಮೆ ಹೊರೆಗೆ ತಯಾರಾದದ್ದಲ್ಲ. 8 ಓಮ್‌ನ ಎರಡು ಪೆಟ್ಟಿಗೆ ಜೋಡಿಸಿದರೆ ಸರಿಯಾಗಿ 4 ಓಮ್ ಆಗುತ್ತದೆ. 4 ಓಮ್‌ನ ಎರಡು ಪೆಟ್ಟಿಗೆ ಜೋಡಿಸಿದರೆ 2 ಓಮ್‌ಗೆ ಇಳಿಯುತ್ತದೆ, ಅದು ಕೂಡದು. ಒಂದೇ 8 ಓಮ್ ಪೆಟ್ಟಿಗೆ ಇರುವವರು ‘500 ವಾಟ್‌ನಲ್ಲಿ 200 ವಾಟ್ ನಷ್ಟವಾಯಿತು’ ಎಂದು ಕೊರಗಬೇಕಾಗಿಲ್ಲ. 300ಕ್ಕೂ 500ಕ್ಕೂ ನಡುವಿನ ಅಂತರ ಎರಡು ಡೆಸಿಬಲ್‌ಗಿಂತ ತುಸು ಹೆಚ್ಚು, ಕಿವಿಗೆ ತಿಳಿಯುವಷ್ಟು ಮಾತ್ರ. ಎರಡನೆಯ ಪೆಟ್ಟಿಗೆ ಸೇರಿಸಿದಾಗ ಸಿಗುವ ಲಾಭದಲ್ಲಿ ಹೆಚ್ಚಿನ ಪಾಲು ಹೆಚ್ಚುವರಿ ಕೋನುಗಳದ್ದೇ. ಪೆಟ್ಟಿಗೆಗೆ ಹೋಗುವುದು ಸ್ಪೀಕರ್ ಕೇಬಲ್ ಆಗಿರಬೇಕು. ಜ್ಯಾಕ್ ಒಂದೇ ಆಕಾರದ್ದೆಂದು ಗಿಟಾರಿನ ತೆಳು ಕೇಬಲ್ ಹಾಕಿದರೆ ಅದು ಬಿಸಿಯಾಗುತ್ತದೆ.

ಬೇರೆ ಆಂಪ್‌ಗಳಿಂದ ಇದಕ್ಕೆ ಬರುವವರು, ಇದರಿಂದ ಬೇರೆಯದಕ್ಕೆ ಹೋಗುವವರು ದೀಪಗಳ ಒಂದೆರಡು ವ್ಯತ್ಯಾಸ ತಿಳಿದಿರಬೇಕು. ಬೇರೆ ಕಂಪನಿಗಳ ಫಲಕದಲ್ಲಿ ‘ಪ್ರೊಟೆಕ್ಟ್’ ಎಂಬ ದೀಪ ಉರಿದರೆ ಅದು ಕ್ಲಿಪ್‌ನಂತೆ ಸಣ್ಣ ಸೂಚನೆಯಲ್ಲ. ಬಿಸಿ ಮಿತಿ ಮೀರಿದೆ, ಇಲ್ಲವೇ ಸ್ಪೀಕರ್ ಸಾಲಿನಲ್ಲಿ ಶಾರ್ಟ್ ಇದೆ ಎಂದರ್ಥ, ಆ ಕೂಡಲೇ ಆರಿಸಿ ಕೇಬಲ್ ನೋಡಬೇಕು. ‘ಮ್ಯೂಟ್’ ದೀಪ ಉರಿಯುತ್ತಿದ್ದು ಸದ್ದೇ ಬರುತ್ತಿಲ್ಲವೆಂದು ಕೇಬಲ್ ಬದಲಿಸುತ್ತ ಕೂರುವ ದೃಶ್ಯ ಅಭ್ಯಾಸದ ಕೊಠಡಿಗಳಲ್ಲಿ ಸಾಮಾನ್ಯ. ವಾಲ್ವ್ ಆಂಪ್‌ಗಳಲ್ಲಿ ಪವರ್ ಜೊತೆಗೆ ಸ್ಟ್ಯಾಂಡ್‌ಬೈ ಸ್ವಿಚ್ ಇರುತ್ತದೆ. ಪವರ್ ಹಾಕಿ ವಾಲ್ವ್‌ಗಳು ಬಿಸಿಯಾಗಲು ಒಂದು ನಿಮಿಷದಷ್ಟು ಬಿಟ್ಟು ಆಮೇಲೆ ಸ್ಟ್ಯಾಂಡ್‌ಬೈ ತೆಗೆಯಬೇಕು. ಲಿಟಲ್ ಮಾರ್ಕ್ 3ರಲ್ಲಿ ಆ ಕಾಯುವಿಕೆ ಇಲ್ಲ, ಸ್ವಿಚ್ ಹಾಕಿದೊಡನೆ ಸಿದ್ಧ.

ಕೊರತೆಗಳನ್ನು ಹೇಳುವುದಾದರೆ ಮೊದಲನೆಯದು ಮ್ಯೂಟ್ ಸ್ವಿಚ್ ಇಲ್ಲದಿರುವುದು. ಎರಡು ಹಾಡುಗಳ ನಡುವೆ ಗಿಟಾರ್ ಬದಲಿಸಬೇಕಾದರೆ ಮಾಸ್ಟರ್ ಇಳಿಸಬೇಕು. ಆದರೆ ಲೈನ್ ಔಟ್ ಮಾಸ್ಟರ್‌ಗೆ ಒಳಪಟ್ಟಿಲ್ಲವಾದ್ದರಿಂದ ಕೇಬಲ್ ಕೀಳುವಾಗಿನ ‘ಢಬ್’ ಸದ್ದು ಸಭಾಂಗಣದ ಸ್ಪೀಕರುಗಳಲ್ಲಿ ಬಂದೇ ಬರುತ್ತದೆ. ಪೆಡಲ್ ಮಾದರಿಯ ಟ್ಯೂನರ್ ಒಂದನ್ನು ನಡುವೆ ಇಟ್ಟುಕೊಂಡು ಅದನ್ನೇ ಮ್ಯೂಟ್‌ನಂತೆ ಬಳಸುವುದು ಎಲ್ಲರೂ ಕಂಡುಕೊಂಡ ದಾರಿ. ಹೆಡ್‌ಫೋನ್ ರಂಧ್ರ ಇಲ್ಲ, ಮೊಬೈಲ್‌ನಿಂದ ಹಾಡು ಹಾಕಿಕೊಂಡು ಜೊತೆಗೆ ನುಡಿಸಲು ಆಕ್ಸ್ ರಂಧ್ರವೂ ಇಲ್ಲ. ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಅಭ್ಯಾಸ ಮಾಡುವವರು ಬೇರೆ ಏನಾದರೂ ನೋಡಿಕೊಳ್ಳಬೇಕು. ಮಂದ ಬೆಳಕಿನ ವೇದಿಕೆಯಲ್ಲಿ ನಾಬ್‌ಗಳ ಗುರುತು ಸುಲಭವಾಗಿ ಕಾಣುವುದಿಲ್ಲ. ತಟಸ್ಥ ಸ್ಥಾನ ಒಂದೊಂದಕ್ಕೆ ಒಂದೊಂದು ಕಡೆ ಇರುವ ಯಂತ್ರದಲ್ಲಿ ಇದು ಸಣ್ಣ ದೋಷವಲ್ಲ. ವಿಪಿಎಫ್ ಮತ್ತು ವಿಎಲ್‌ಇ ನಾಬ್‌ಗಳಿಗೆ ಬೇರೆ ಬಣ್ಣ ಕೊಟ್ಟಿದ್ದರೆ ಅರ್ಧ ಗೊಂದಲ ಅಲ್ಲೇ ತೀರುತ್ತಿತ್ತು. ನಿಶ್ಶಬ್ದವಾದ ಕೊಠಡಿಯಲ್ಲಿ ಫ್ಯಾನ್ ಸದ್ದು ಕೇಳುತ್ತದೆ, ಡ್ರಮ್ಸ್ ಇರುವ ಕಡೆ ಅದು ಲೆಕ್ಕಕ್ಕಿಲ್ಲ.

ಇಷ್ಟಾದರೂ ಊರಿಂದ ಊರಿಗೆ ಹೋಗಿ ನುಡಿಸುವ, ಅಲ್ಲಲ್ಲಿ ಸಿಕ್ಕ ಪೆಟ್ಟಿಗೆಗೆ ತಮ್ಮ ಹೆಡ್ ಜೋಡಿಸಿಕೊಳ್ಳುವ ವಾದಕರಿಗೆ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಮನೆಯಲ್ಲಿ ಕಲಿಯುವವರಿಗೆ ಸ್ಪೀಕರ್ ಒಳಗೊಂಡ ಸಣ್ಣ ಕಾಂಬೋ ಆಂಪ್ ಸಾಕು, ಇಷ್ಟು ಖರ್ಚು ಬೇಡ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಪ್ರತಿ ನಾಬನ್ನೂ ತುದಿಯಿಂದ ತುದಿಗೆ ತಿರುಗಿಸಿ ಕರಕರ ಸದ್ದು ಬರುತ್ತದೆಯೇ ಎಂದು ಕೇಳಬೇಕು, ಗೇನ್ ಏರಿಸಿ ಕ್ಲಿಪ್ ದೀಪ ನಿಜಕ್ಕೂ ಬೆಳಗುತ್ತದೆಯೇ ಎಂದು ನೋಡಬೇಕು, ಲೈನ್ ಔಟ್ ಅನ್ನು ಒಂದು ಮಿಕ್ಸರಿಗೆ ಹಾಕಿ ಪರೀಕ್ಷಿಸಬೇಕು, ಅರ್ಧ ಗಂಟೆಯಾದರೂ ಜೋರಾಗಿ ನುಡಿಸಿ ಫ್ಯಾನ್ ತಿರುಗುತ್ತಿದೆಯೇ ಎಂದು ಕೈಯಿಟ್ಟು ನೋಡಬೇಕು. ಅಮೆರಿಕದಲ್ಲಿರುವ ನೆಂಟರೋ ಸ್ನೇಹಿತರೋ ತಂದುಕೊಟ್ಟ ಯಂತ್ರವಾದರೆ ಪ್ಲಗ್ ಚುಚ್ಚುವ ಮೊದಲೇ ಅದರ ಮೇಲೆ ಮುದ್ರಿಸಿರುವ ವೋಲ್ಟೇಜ್ ಓದಬೇಕು. 120 ವೋಲ್ಟ್‌ಗೆಂದು ಮಾರಿದ್ದನ್ನು ನಮ್ಮ 230 ವೋಲ್ಟ್‌ಗೆ ಹಾಕಿದರೆ ಯಾವ ದೀಪಕ್ಕೂ ಎಚ್ಚರಿಸುವಷ್ಟು ಸಮಯ ಸಿಗುವುದಿಲ್ಲ.